ಹದಿನೇಳನೆಯ ಕಾಮಗಾರಿ

ಗೆಳತಿಯ ಸಾವಿನ ಮನೆಯಲ್ಲಿ ರೇಣವ್ವ ಚಹಾದ ತಾಟು ಹಿಡಿದು ಹೆಂಗಸರ ಸಾಲಿನ ಉದ್ದಕ್ಕೂ ನಡೆದಳು. ಒಬ್ಬಳೂ ಲೋಟ ಎತ್ತಲಿಲ್ಲ. ಸತ್ತವಳ ತಂಗಿ, ನರಗುಂದದಿಂದ ಬಂದವಳು, ತಲೆಯಾಡಿಸಿದಳು. ಸೂಡಿಯ ಬೀಗತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಬೇಡವೆಂದಳು. ಮೊದಲ ಬಸ್ಸಿಗೆ ರೋಣದಿಂದ ಬಂದಿಳಿದ ಮಗಳು ನಾಹೀದ, ಏಳು ತಿಂಗಳ ಬಸುರಿ, ಲೋಟವನ್ನೇ ನೋಡಿ ಒಣತುಟಿ ಸವರಿಕೊಂಡು ಮುಖ ತಿರುಗಿಸಿದಳು.

"ಒಂದ ಗುಟುಕರ ಕುಡೀ ನಮ್ಮವ್ವ. ಹೊಟ್ಟ್ಯಾಗ ಕೂಸೈತಿ."

"ಬ್ಯಾಡ ಚಿಗವ್ವ. ಕುಡದ್ರ ಮತ್ತ..." ನಾಹೀದ ದನಿ ತಗ್ಗಿಸಿದಳು. "ಇನ್ನ ಹನ್ನೊಂದ ಗಂಟಿ. ಹೊತ್ತ ಮುಳುಗೂತನಕ ಎಲ್ಲಿ ಹೋಗ್ಲಿ?"

ಆ ಓಣಿಯ ಒಂದು ಮನೆಯಲ್ಲೂ ಪಾಯಖಾನೆ ಇರಲಿಲ್ಲ. ಹೆಂಗಸರು ಬೆಳಕು ಹರಿಯುವ ಮುಂಚೆ ಒಮ್ಮೆ, ಕತ್ತಲಾದ ಮೇಲೆ ಒಮ್ಮೆ ಗಜೇಂದ್ರಗಡ ರಸ್ತೆಯ ಪಕ್ಕಕ್ಕೆ ಹೋಗಿ ಬರುತ್ತಿದ್ದರು. ನಡುವಿನ ಹೊತ್ತಿನಲ್ಲಿ ನೀರಿನ ಆಸೆಯನ್ನೇ ಬಿಡುತ್ತಿದ್ದರು. ಒಳಗೆ ಮಂಚದ ಮೇಲೆ ಬಿಳಿ ಬಟ್ಟೆ ಹೊದ್ದು ಮಲಗಿದ್ದ ಕಮರುನ್ನಿಸಾ ಐವತ್ತು ವರ್ಷ ಹೀಗೆಯೇ ಬಾಯಿ ಒಣಗಿಸಿಕೊಂಡು ಬದುಕಿದವಳು. ಕೊನೆಗೆ ದವಾಖಾನೆಯಲ್ಲಿ ಡಾಕ್ಟರು, "ನೀರ ಯಾಕ ಕುಡೀತಿದ್ದಿಲ್ಲವ್ವ ನೀ?" ಎಂದು ಕೇಳಿದ್ದರು. ಎರಡೂ ಮೂತ್ರಪಿಂಡ ಕೈಬಿಟ್ಟಿದ್ದವು. ಗಂಡಸು ಡಾಕ್ಟರಿಗೆ ಅದನ್ನು ಹೇಗೆ ಹೇಳುವುದೆಂದು ಅವಳು ಸುಮ್ಮನೆ ನಕ್ಕಿದ್ದಳು.

ಹೊರಗೆ ಕಟ್ಟೆಯ ಮೇಲೆ ಗಂಡಸರು ಎರಡೆರಡು ಲೋಟ ಖಾಲಿ ಮಾಡಿದರು.

"ಹೆಣಮಕ್ಕಳಿಗೆ ಚಹಾ ಸೈತ ಇಳೀವಲ್ದು ನೋಡ್ರಿ. ಭಾಳ ದುಃಖ ಆಗೇತಿ, ಪಾಪ," ಎಂದ ಮುದುಕ ಗೌಸುಸಾಬ.

ದುಃಖವೂ ಇತ್ತು, ಇಲ್ಲವೆಂದು ಯಾರು ಹೇಳಿಯಾರು.

*

ಮೂರು ವರ್ಷದ ಹಿಂದಿನ ಪಂಚಾಯಿತಿ ಚುನಾವಣೆಯಲ್ಲಿ ಆ ಓಣಿಯ ಎರಡು ಸೀಟು ಹೆಂಗಸರ ಪಾಲಿಗೆ ಬಂದಿದ್ದವು. ಗಂಡಸರೆಲ್ಲ ಕೂಡಿ ಕೌದಿ ಹೊಲಿಯುವ ಕಮರುನ್ನಿಸಾಳನ್ನೂ ಮಗ್ಗ ನೇಯುವ ರೇಣವ್ವನನ್ನೂ ಹಿಡಿದು ನಿಲ್ಲಿಸಿದರು. ಜಗಳವಾಡದ ಹೆಂಗಸರೆಂಬುದೇ ಇಬ್ಬರ ಅರ್ಹತೆ. ಸಭೆಗೆ ಹೋದರೆ ಬಾಗಿಲ ಬಳಿಯ ಜಮಖಾನೆ ಅವರ ಜಾಗ.

ಮುಂದಿನ ಮಾರ್ಚಿನಲ್ಲಿ ಬಜೆಟ್ಟಿನ ಸಭೆ ನಡೆಯಿತು. ಒಬ್ಬನಿಗೆ ಗಟಾರು ಬೇಕು, ಇನ್ನೊಬ್ಬನಿಗೆ ಹೊಲಕ್ಕೆ ಹೋಗುವ ದಾರಿ ಬೇಕು. ಗದ್ದಲದ ನಡುವೆ ಕಮರುನ್ನಿಸಾ ಎದ್ದು ನಿಂತಳು. ರೇಣವ್ವ ಸೀರೆ ಹಿಡಿದು ಜಗ್ಗಿದರೂ ಕೂರಲಿಲ್ಲ.

"ನಮ್ಮ ಓಣ್ಯಾಗ ಹೆಣಮಕ್ಕಳಿಗೆ ಪಾಯಖಾನಿ ಬೇಕ್ರಿ. ನಾಕ ಗ್ವಾಡಿ, ಒಂದ ಬಾಗಲಾ. ಮ್ಯಾಲ ತಗಡ ಇಲ್ಲಂದ್ರೂ ನಡೀತೈತಿ."

ನಾಲ್ಕೈದು ಮಂದಿ ಕಿಸಕ್ಕನೆ ನಕ್ಕರು. ಅಧ್ಯಕ್ಷ ಸಣ್ಣಪ್ಪ ಮಾತ್ರ ನಗಲಿಲ್ಲ. "ಅಕ್ಕಾರ ಹೇಳೂದು ಖರೇ ಐತಿ. ಇದನ್ನ ಮೊದಲ ಮಾಡೋಣು," ಎಂದ. ಸೆಕ್ರೆಟರಿ ಹನಮಂತಪ್ಪ ಠರಾವಿನ ಪುಸ್ತಕವನ್ನು ಅವರೆದುರು ತಿರುಗಿಸಿ ಇಟ್ಟ. ಹಾಳೆ ಖಾಲಿ ಇತ್ತು.

"ಬುಡಕ್ಕ ಸಹಿ ಮಾಡ್ರಿ. ಆಮ್ಯಾಲ ಕುಂತು ಚಂದಂಗ ಬರೀತೀನಿ."

ರೇಣವ್ವ ಹೆಬ್ಬೆಟ್ಟು ಒತ್ತಿದಳು. ಕಮರುನ್ನಿಸಾ ಒತ್ತಲಿಲ್ಲ. ಸಂಜೆಯ ಸಾಕ್ಷರತಾ ಶಾಲೆಯಲ್ಲಿ ಹೆಸರು ಬರೆಯಲು ಕಲಿತು, ವರ್ಷಗಟ್ಟಲೆ ಮನೆಯ ನೆಲದ ಮೇಲೆ ಸೀಮೆಸುಣ್ಣದಿಂದ ತಿದ್ದಿದ್ದವಳು ಅವಳು. ಪೆನ್ನು ಈಸಿಕೊಂಡು, ನಾಲಿಗೆ ಕಚ್ಚಿಕೊಂಡು, ಒಂದೊಂದೇ ಅಕ್ಷರ ಕೆತ್ತಿದಳು. ನಕ್ಕಿದ್ದ ಮಂದಿಯೇ ಚಪ್ಪಾಳೆ ತಟ್ಟಿದರು.

"ನನ್ನ ಸಹಿಲಿಂದ ಆಗೂ ಮೊದಲನೇ ಕೆಲಸ ಪಾಯಖಾನಿ ನೋಡವಾ," ಎಂದು ದಾರಿಯುದ್ದಕ್ಕೂ ನಕ್ಕಳು. ಅವಳು ಅಷ್ಟು ನಕ್ಕಿದ್ದನ್ನು ರೇಣವ್ವ ಆಮೇಲೆ ನೋಡಲಿಲ್ಲ.

ವರ್ಷದ ಕೊನೆಗೆ ಉಸುಕು, ಸಿಮೆಂಟು ಬಂದವು. ಬಂದು ಬಿದ್ದದ್ದು ಊರ ಬಾಗಿಲಲ್ಲಿ. ಅಲ್ಲಿ ಎರಡು ಕಂಬದ ದೊಡ್ಡ ಸ್ವಾಗತ ಕಮಾನು ಎದ್ದಿತು. ಕಮರುನ್ನಿಸಾ ಆಫೀಸಿಗೆ ಓಡಿದಳು. ಹನಮಂತಪ್ಪ ಪುಸ್ತಕದ ಹಾಳೆ ತೆರೆದು ಬೆರಳಿಟ್ಟ. ಮೇಲೆಲ್ಲ ಕಮಾನಿನ ಒಕ್ಕಣೆ, ಕೆಳಗೆ ಅವಳ ದುಂಡನೆಯ ಅಕ್ಷರ.

"ನಿಮ್ಮ ಸಹೀನ ಐತಲ್ರಿ ಅಕ್ಕಾರ."

ಓಣಿಯ ಹೆಂಗಸರು ಅವಳಿಗೆ ಕಮಾನದಾಕಿ ಎಂದು ಹೆಸರಿಟ್ಟರು. ಕತ್ತಲಲ್ಲಿ ನೀರಿನ ಚರಿಗೆ ಹಿಡಿದು ಹೊರಟಾಗ ಅವಳನ್ನು ಬಿಟ್ಟು ಮುಂದೆ ನಡೆದರು. ಆಮೇಲಿನ ಸಭೆಗಳಲ್ಲಿ ಕಮರುನ್ನಿಸಾ ಪೆನ್ನು ಮುಟ್ಟಲಿಲ್ಲ. ಎಲ್ಲರಂತೆ ಹೆಬ್ಬೆಟ್ಟು ಮುಂದೆ ಮಾಡುತ್ತಿದ್ದಳು.

*

ಮಧ್ಯಾಹ್ನದ ನಮಾಜು ಮುಗಿದ ಮೇಲೆ ಗಂಡಸರು ಜನಾಜ ಹೊತ್ತು ಹೋದರು, ಮಣ್ಣು ಕೊಟ್ಟು ಬಂದರು. ಮಗ ಸಾಜೀದ ಕೈ ತೊಳೆದುಕೊಳ್ಳುವಷ್ಟರಲ್ಲಿ ಮನೆಯ ಮುಂದೆ ಜೀಪು ನಿಂತಿತು. ಸಣ್ಣಪ್ಪ ಇಳಿದು ಕೈ ಮುಗಿದ. ಹಿಂದೆ ಹನಮಂತಪ್ಪ, ಅವನ ಕಂಕುಳಲ್ಲಿ ಪುಸ್ತಕ.

"ಇಂಥಾದ್ರಾಗ ಬರಬಾರದಿತ್ರಿ, ರೇಣಕ್ಕಾರ," ಎಂದ ಹನಮಂತಪ್ಪ. "ಇವತ್ತ ಮಾರ್ಚ್ ಹತ್ತು, ಬಜೆಟ್ಟಿಗೆ ಕಡೀ ದಿನ. ಒಂದ ಹೆಬ್ಬಟ್ಟ ಕಡಿಮಿ ಬಿದ್ದೈತಿ."

ರೇಣವ್ವ ಹೊಸ್ತಿಲು ದಾಟಿ ಹೊರಗೆ ಬಂದಳು. ಒಂದು ಹೆಬ್ಬೆಟ್ಟು ಕಡಿಮೆ. ಜೀವಮಾನದಲ್ಲಿ ಒಮ್ಮೆಯಾದರೂ ಅವಳ ಹೆಬ್ಬೆಟ್ಟಿಗೆ ಬೆಲೆ ಬಂದಿತ್ತು.

"ಕಮರವ್ವನ ಪಾಯಖಾನಿ ಅದರಾಗ ಬರೀರಿ. ನನ್ನ ಕಣ್ಣಮುಂದ ಬರೀರಿ. ಸಾಜೀದ ಓದಿ ಹೇಳ್ಲಿ. ಆಮ್ಯಾಲ ಹೆಬ್ಬಟ್ಟ."

ಹನಮಂತಪ್ಪ ಅಧ್ಯಕ್ಷನ ಮುಖ ನೋಡಿದ. ಸಣ್ಣಪ್ಪ, "ಬರೀರಿ, ಬರೀರಿ. ಸತ್ತಾಕಿ ಆಸೆ ಐತಿ," ಎಂದ. ಹನಮಂತಪ್ಪ ಕಟ್ಟೆಯ ಮೇಲೆ ಕುಳಿತು ಬರೆದ. ಹೊಸ್ತಿಲೊಳಗೆ ಹೆಂಗಸರು ಒಬ್ಬರ ಹೆಗಲ ಮೇಲೊಬ್ಬರು ಇಣುಕಿದರು. ಕಮಾನದಾಕಿ ಎಂದು ಆಡಿಕೊಂಡವರೂ ಅಲ್ಲಿದ್ದರು.

ಸಾಜೀದ ಪುಸ್ತಕ ತೆಗೆದುಕೊಂಡ. ಅವನ ಉಗುರಿನ ಸಂದಿಯಲ್ಲಿ ಇನ್ನೂ ಗೋರಿಯ ಮಣ್ಣಿತ್ತು. "ಕಾಮಗಾರಿ ಹದಿನೇಳು. ದಿವಂಗತ ಕಮರುನ್ನಿಸಾ ಅವರ ಓಣಿಯಲ್ಲಿ ಮಹಿಳಾ ಶೌಚಾಲಯ..."

ದಿವಂಗತ ಎಂಬ ಮಾತಿಗೆ ಅವನು ತಡವರಿಸಿದ್ದ. ಶೌಚಾಲಯದ ಹತ್ತಿರ ಓದು ಪೂರ್ತಿ ನಿಂತುಹೋಯಿತು. ಒಳಗೆ ಯಾರೋ ಬಿಕ್ಕಿದರು. ಇನ್ನೇನು ಕೇಳುವುದಿದೆ? ರೇಣವ್ವ ಶಾಯಿಯಲ್ಲಿ ಹೆಬ್ಬೆಟ್ಟು ಅದ್ದಿ, ಗಟ್ಟಿಯಾಗಿ ಒತ್ತಿದಳು.

ಸಾಜೀದ ಕಣ್ಣೊರೆಸಿಕೊಂಡು ಉಳಿದದ್ದನ್ನು ಓದಿದ. "...ಅನುದಾನ ಉಳಿದಲ್ಲಿ ಮಾತ್ರ."

"ಹಂಗಂದ್ರ?"

"ಮೊದಲಿನ ಹದಿನಾರೂ ಮುಗದ ಮ್ಯಾಲ ರೊಕ್ಕ ಉಳದ್ರ ಮಾಡ್ತಾರಂತ, ಚಿಗವ್ವ."

"ಉಳೀತಾವೇನ್ರಿ?"

ಹನಮಂತಪ್ಪ ಪೆನ್ನಿಗೆ ಮುಚ್ಚಳ ಹಾಕಿದ. ಕೆಟ್ಟ ಮನುಷ್ಯನೇನಲ್ಲ ಅವನು. "ಯಾ ವರ್ಷ ಉಳದಾವ್ರಿ ಅಕ್ಕಾರ? ಸತ್ತ ಮನಿ ಮುಂದ ಸುಳ್ಳ ಯಾಕ ಹೇಳ್ಲಿ."

"ಮತ್ತ ಮೊದಲನೇದು ಯಾವ್ದು?"

ಸಾಜೀದ ಹಾಳೆ ಹಿಂದಕ್ಕೆ ತಿರುವಿದ. "ಕಮಾನಿಗೆ ಬಣ್ಣ."

ಹನಮಂತಪ್ಪ ಅವನ ಕೈಯಿಂದ ಪುಸ್ತಕವನ್ನು ಮೆಲ್ಲಗೆ ಬಿಡಿಸಿಕೊಂಡ. ಬೇಕಾದದ್ದು ಸಿಕ್ಕಿತ್ತು. ರೇಣವ್ವ ಹೆಬ್ಬೆರಳನ್ನು ಸೀರೆಗೆ ತಿಕ್ಕಿದಳು, ಮತ್ತೆ ಮತ್ತೆ ತಿಕ್ಕಿದಳು. ಎಚ್ಚರವಿದ್ದೂ ಹಳ್ಳಕ್ಕೆ ಬಿದ್ದಿದ್ದಳು. ಗೆಳತಿಗಾದರೂ ಮೋಸ ಗೊತ್ತಿರಲಿಲ್ಲ.

*

ಹೊತ್ತು ಮುಳುಗಿತು. ಇಪ್ಪತ್ತು ಹೆಂಗಸರು ಚರಿಗೆ ಹಿಡಿದು ರಸ್ತೆಯ ಪಕ್ಕಕ್ಕೆ ನಡೆದರು. ನರಗುಂದದವರು, ಸೂಡಿಯವರು, ಎಲ್ಲರೂ ಬೆಳಗಿನಿಂದ ಬಿಗಿಹಿಡಿದವರು. ನಾಹೀದ ರೇಣವ್ವನ ಭುಜ ಹಿಡಿದು ತುಟಿ ಕಚ್ಚಿಕೊಂಡು ಬರುತ್ತಿದ್ದಳು. ಕಮಾನಿನಾಚೆಯ ಜಾಲಿಗಿಡಗಳ ಸಾಲಿನಲ್ಲಿ ಇನ್ನೇನು ಕೂರಬೇಕು, ಊರ ಕಡೆಯಿಂದ ಜೀಪು ಬಂತು. ಗಾಡಿಯ ಬೆಳಕು ಬಿದ್ದರೆ ಹೆಂಗಸರು ಎದ್ದು ನಿಲ್ಲುತ್ತಾರೆ. ಅದು ದಾಟಿ ಹೋದ ಮೇಲೆ ಮತ್ತೆ ಕೂರುತ್ತಾರೆ. ಎಲ್ಲರೂ ಎದ್ದರು, ಮುಖಕ್ಕೆ ಸೆರಗು ಎಳೆದುಕೊಂಡರು.

ಜೀಪು ದಾಟಿ ಹೋಗಲಿಲ್ಲ. ಕಮಾನಿಗೆ ಎದುರಾಗಿ ನಿಂತಿತು. ದೀಪ ಆರಿಸಲಿಲ್ಲ. ಸಣ್ಣಪ್ಪ, ಹನಮಂತಪ್ಪ, ಬಣ್ಣ ಬಳಿಯುವವನೊಬ್ಬ ಇಳಿದರು. ರಸ್ತೆಯ ಎರಡೂ ಬದಿಗೆ ಸಾಲಾಗಿ ನಿಂತ ಹೆಂಗಸರನ್ನು ಕಂಡು, ಮರ್ಯಾದಸ್ಥರಾದ್ದರಿಂದ ಮೂವರೂ ಬೆನ್ನು ತಿರುಗಿಸಿದರು. ಟೇಪು ಬಿಚ್ಚಿದರು.

"ಕಂಬದ ಸುತ್ತಳತಿ ಮೊದಲ ಹಿಡೀರಿ. ಅವಸರ ಬ್ಯಾಡ, ಸರಿಯಾಗಿ ಅಳೀರಿ," ಎಂದು ಸಣ್ಣಪ್ಪನ ದನಿ ಕೇಳಿಸಿತು.

ಇಪ್ಪತ್ತು ಹೆಂಗಸರು ನಿಂತೇ ಇದ್ದರು. ನಾಹೀದಳ ಬೆರಳು ರೇಣವ್ವನ ತೋಳಿಗೆ ನೆಟ್ಟವು, ಆಮೇಲೆ ಒಮ್ಮೆಲೆ ಸಡಿಲಾದವು. ರೇಣವ್ವ ಕೆಳಗೆ ನೋಡಿದಳು. ಜೀಪಿನ ಬೆಳಕಿನಲ್ಲಿ, ನಿಂತವಳ ಪಾದದ ಸುತ್ತ ಮಣ್ಣು ಕಪ್ಪಗೆ ನೆನೆಯುತ್ತಿತ್ತು.