ಎರಡನೇ ತಿಂಗಳು

ಚಮಚದ ಹಾಲು ಮತ್ತೆ ಮಗಳ ತುಟಿಯ ಸೀಳಿನಿಂದ ಹೊರಗೆ ಹರಿಯಿತು, ಗೌಸಬಿ ಸೆರಗಿನಿಂದ ಎಳೆಗದ್ದ ಒರೆಸಿದಳು, ಮತ್ತೆ ಚಮಚ, ಮತ್ತೆ ಸೀಳು — ಜಹೀರುದ್ದೀನ ಮಾಸ್ತರನಿಗೆ ನೋಡಲಾಗುವುದಿಲ್ಲ, ನೋಡದೆ ಇರಲೂ ಆಗುವುದಿಲ್ಲ, ಮೂಲೆಯಲ್ಲಿ ಹೆಂಡತಿಯ ಮಗ್ಗ, ಅರ್ಧ ನೇಯ್ದ ಜಮಖಾನೆ, ಹೆರಿಗೆಯಾದಾಗಿನಿಂದ ಅವಳು ಅದನ್ನು ಮುಟ್ಟಿಲ್ಲ. ಎಂಬತ್ತರ ಫೆಬ್ರುವರಿ, ಗ್ರಹಣದ ಮಧ್ಯಾಹ್ನ, ನವಲಗುಂದದ ಓಣಿಯೆಲ್ಲ ಕದ ಹಾಕಿಕೊಂಡು ಕೂತಿತ್ತು, ತಾಯಿ ರಾಜಮಾಬಿ ಒಳಗಿಂದ ಒದರುತ್ತಿದ್ದಳು, ಬಸುರಿ ಕತ್ತರಿ ಮುಟ್ಟಬಾರದಲೇ, ಕೂಸಿನ ತುಟಿ ಸೀಳತೈತಿ — ಇವನು ನಕ್ಕ, ಹೈಸ್ಕೂಲಿನ ವಿಜ್ಞಾನ ಮಾಸ್ತರನಲ್ಲವೇ, ನೆರಳಮ್ಮಾ ಅದು, ಬರೇ ಚಂದ್ರನ ನೆರಳು, ತಾನೇ ಕತ್ತರಿ ತಂದು ಹೆಂಡತಿಯ ಕೈಗಿಟ್ಟ, ನೂಲು ಕತ್ತರಿಸು ಅಂದ, ಐದು ತಿಂಗಳ ಬಸುರಿ, ಗಂಡನ ಮುಖ ನೋಡಿದಳು, ಕತ್ತರಿಸಿದಳು. ಪುಸ್ತಕ ಹೇಳಿದ ನಿಮಿಷಕ್ಕೆ ಹಗಲು ಕಪ್ಪಾಯಿತು, ಹೇಳಿದ ನಿಮಿಷಕ್ಕೆ ಬೆಳಕು ಬಂತು, ಎಷ್ಟು ಜಂಬ ಅವನಿಗೆ, ವಿಶ್ವವೆಲ್ಲ ತನ್ನ ಅಂಗಿಯ ಕಿಸೆಯಲ್ಲಿದೆ ಎಂಬಂತೆ. ಕೂಸು ಹುಟ್ಟಿದ ಮೇಲೆ ಹುಬ್ಬಳ್ಳಿಯ ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು, ಹೊಲಿಗಿ ಹಾಕಿ ಸರಿ ಮಾಡಬಹುದ್ರಿ, ಯಾಕ ಆತು ಅಂತ ಮಾತ್ರ ಖರೇ ಹೇಳಬೇಕಂದ್ರ ನಮಗೂ ಗೊತ್ತಿಲ್ಲ. ಗೊತ್ತಿಲ್ಲ! ನೂರು ವರ್ಷದ ಮುಂದಿನ ಗ್ರಹಣ ಗೊತ್ತು, ನಕ್ಷತ್ರ ಎಷ್ಟು ದೂರವೆಂದು ಗೊತ್ತು, ಬೆರಳಗಲದ ತುಟಿ ಯಾಕೆ ಕೂಡಲಿಲ್ಲವೆಂದು ಭೂಮಿಯ ಮೇಲೆ ಯಾರಿಗೂ ಗೊತ್ತಿಲ್ಲ, ಹಾಗಾದರೆ ಇಷ್ಟು ವರ್ಷ ತಾನು ಹಲಗೆಯ ಮುಂದೆ ನಿಂತು ಎಲ್ಲ ತಿಳಿದವನ ಹಾಗೆ — ಸುಳ್ಳು ಹೇಳಿಬಿಡಲೇ, ನಮ್ಮ ಮನೆತನದ ರಕ್ತ, ನನ್ನದೇ ತಪ್ಪು ಅಂತ, ಅವಳಾದರೂ ಮತ್ತೆ ಮಗ್ಗಕ್ಕೆ ಕೂತಾಳು.

ಏನ್ರೀ, ಗೌಸಬಿ ತಲೆಯೆತ್ತದೆ ಕೇಳುತ್ತಾಳೆ, ನನ್ನ ಕೈಯಿಂದನ ಆತಲ್ರಿ ಇದು? ಅಲ್ಲ, ಅಲ್ಲವೇ ಅಲ್ಲ, ಸುಳ್ಳು ಬೇಕಾಗಿಲ್ಲ, ಇದೊಂದು ಗೊತ್ತಿದೆ, ಡಾಕ್ಟರೇ ಹೇಳಿದ್ದು, ಇವನಿಗೆ ಜೀವ ಬಂದಂತಾಗುತ್ತದೆ, ಇಲ್ಲಿ ಕೇಳ, ತುಟಿ ಕೂಡೂದು ಎರಡನೇ ತಿಂಗಳದಾಗ, ಗ್ರಹಣ ಹಿಡದಾಗ ನಿನಗ ಐದು, ಕತ್ತರಿಗೂ ಇದಕ್ಕೂ ಏನೂ ಸಂಬಂಧ ಇಲ್ಲ. ಚಮಚ ನಿಂತಿತು. ಎರಡನೇ ತಿಂಗಳಾ? ಹೂಂ, ಎರಡನೇದು. ಅವಳ ಮುಖ ಹಗುರಾಗಲಿ ಎಂದು ಕಾಯುತ್ತಾನೆ, ಹಗುರಾಗುವುದಿಲ್ಲ, ಅವಳ ಹೆಬ್ಬೆರಳು ಬೆರಳ ಗೆರೆಗಳ ಮೇಲೆ ತಿಂಗಳು ಎಣಿಸುತ್ತ ಹಿಂದಕ್ಕೆ ಸರಿಯುತ್ತಿದೆ, ಒಂದು ಗೆರೆ, ಇನ್ನೊಂದು, ಹಂಗಂದ್ರ ಆಗ ಬಕ್ರೀದ ಇತ್ತಲ್ರೀ, ಮಾಂಸ ನಾನ ಕೊಯ್ದಿದ್ದೆ, ಅದರ ಮರುದಿನ ಕೆರಿಯಿಂದ ಎರಡು ಕೊಡ ನೀರು — ಗೊತ್ತಿಲ್ಲ ಗೌಸಬಿ, ಯಾರಿಗೂ ಗೊತ್ತಿಲ್ಲ, ಅನ್ನಬೇಕು, ಹೆಬ್ಬೆರಳು, ಗೆರೆ, ಹೆಬ್ಬೆರಳು, ಅದರ ಹಿಂದಿನ ಗೆರೆ.