ಮೂರು ಪುಸ್ತಕ, ಒಂದೇ ಬಾಯಿ

ಮೂರನೆಯ ಪುಸ್ತಕದಲ್ಲೂ ಅದೇ ಮಾತಿತ್ತು: ಗಂಡ ಸತ್ತ ಮೇಲೆ ಉಡಿಕೆ, ಅಂದರೆ ಮರುಮದುವೆ, ಮಾಡಿಕೊಂಡ ಹೆಂಗಸಿನ ಮಕ್ಕಳಿಗೆ ಈ ಜನರಲ್ಲಿ ಮನೆದೇವರ ಪೂಜೆಯ ಹಕ್ಕಿಲ್ಲ. ಗುದ್ಲೆಪ್ಪ ಪುಸ್ತಕ ಮುಚ್ಚದೆ ಹಾಗೇ ಕುಳಿತ. ಅವನ ಅವ್ವ ಅನ್ನವ್ವ ಉಡಿಕೆಯಾಗಿಯೇ ಮಾಸೂರಿನ ಲಕ್ಕಪ್ಪನ ಮನೆ ಸೇರಿದವಳು. ಆ ಮನೆಯ ಜಗಲಿಯ ದೇವರಿಗೆ ಏಳನೆಯ ವಯಸ್ಸಿನಿಂದ ಭಂಡಾರದ ಅರಿಸಿನ ಹಚ್ಚಿ ಪೂಜಿಸಿದವನು ಇದೇ ಗುದ್ಲೆಪ್ಪ.

ಧಾರವಾಡಕ್ಕೆ ಬಂದು ಮಾನವಶಾಸ್ತ್ರದ ಪ್ರಬಂಧಕ್ಕೆ ಅವನು ಆರಿಸಿಕೊಂಡದ್ದು ತನ್ನ ಕುರಿಗಾರ ಜನರ ಮದುವೆ ಪದ್ಧತಿಯನ್ನು. ಪ್ರೊಫೆಸರರು ಉಡಿಕೆಯ ಅಧ್ಯಾಯವನ್ನು ಮರಳಿಸಿದ್ದರು. ಮೂರು ಪುಸ್ತಕ ಒಂದು ಹೇಳುವಾಗ ಒಬ್ಬ ಮಗನ ನೆನಪನ್ನು ಸಾಕ್ಷಿ ಎಂದು ಹೇಗೆ ಒಪ್ಪಲಿ ಎಂದು ಕೇಳಿ, ಒಂದು ತಿಂಗಳ ಗಡುವು ಕೊಟ್ಟಿದ್ದರು. ಅವರು ಕೇಳಿದ್ದು ತಪ್ಪೂ ಆಗಿರಲಿಲ್ಲ. ಅದೇ ಅವನನ್ನು ಹೆಚ್ಚು ಕೊರೆಯುತ್ತಿತ್ತು. ಹತ್ತು ದಿನದಿಂದ ಗ್ರಂಥಾಲಯದ ಹಳೆಯ ಸಂಪುಟಗಳ ಸೂಚಿಯಲ್ಲಿ ಮಾಸೂರಿನ ತಾಲೂಕಾದ ಹಿರೇಕೆರೂರನ್ನು ಹುಡುಕುತ್ತಿದ್ದ. ಆ ಹೆಸರೇ ಸಿಕ್ಕಿರಲಿಲ್ಲ.

ಆ ವಿಭಾಗ ನೋಡಿಕೊಳ್ಳುತ್ತಿದ್ದ ಮಧ್ವೇಶರಾಯರು ಸವಣೂರಿನವರು, ಹೆಚ್ಚು ಮಾತಾಡುವವರಲ್ಲ. ಅಂದು ತಾವಾಗಿಯೇ ಪಕ್ಕದಲ್ಲಿ ಕುರ್ಚಿ ಎಳೆದು ಕುಳಿತು ಎಲ್ಲ ಕೇಳಿಕೊಂಡರು.

"ಇದು ಬರದಾಗ ಹಿರೇಕೆರೂರ ತಾಲೂಕಿಗೆ ಕೋಡ ಅಂತಿದ್ರು. ಕೋಡ ಅಂತ ನೋಡ್ರಿ. ಶಿಗ್ಗಾವಿ ಬೇಕಾದ್ರ ಬಂಕಾಪುರ ಅಂತ ನೋಡ್ರಿ. ನಮ್ಮ ಸವಣೂರು ನವಾಬರದು, ಇದರಾಗ ಸಿಗೂದಿಲ್ಲ." ಸೂಚಿಯನ್ನು ಅವನ ಕಡೆ ಸರಿಸಿ ಹೇಳಿದರು, "ಪುಸ್ತಕ ಏನ್ ಹೇಳ್ತದ ಅನ್ನೂದು ಆಮ್ಯಾಲೆ. ಯಾರನ್ನ ಕೇಳಿ ಹೇಳ್ತದ, ಅದನ್ನ ಮೊದಲ ನೋಡ್ರಿ."

ಗುದ್ಲೆಪ್ಪ ಅಡಿಟಿಪ್ಪಣಿಗಳ ಬೆನ್ನು ಹತ್ತಿದ. ಮೂರನೆಯ ಪುಸ್ತಕ ಎರಡನೆಯದರಿಂದ ಎತ್ತಿಕೊಂಡಿತ್ತು. ಎರಡನೆಯದು ಮೊದಲನೆಯದರಿಂದ, ಒಂದು ಅಲ್ಪವಿರಾಮವನ್ನೂ ಬದಲಿಸದೆ. ಎಂಬತ್ತು ವರ್ಷ ಹಳೆಯದಾದ ಆ ಮೊದಲನೆಯದರ ಕೊನೆಗೆ, ಯಾವ ತಾಲೂಕಿನ ಸಂಗತಿ ಯಾರಿಂದ ಬಂತೆಂಬ ಪಟ್ಟಿಯಿತ್ತು. ಆದರೆ ಆ ಹಾಳೆಗಳ ಅಂಚು ಇನ್ನೂ ಕತ್ತರಿಸದೆ ಕೂಡಿಕೊಂಡೇ ಇದ್ದವು. ಇಷ್ಟು ವರ್ಷ ಯಾರೂ ಅವನ್ನು ಓದಿರಲೇ ಇಲ್ಲ. ಮಧ್ವೇಶರಾಯರು ಚಾಕು ತಂದು ತಾವೇ ಮೆಲ್ಲಗೆ ಬಿಡಿಸಿದರು. ಕೋಡ ಎಂಬುದರ ಮುಂದೆ ಒಂದೇ ಸಾಲು: ವರದಿ ಬಂದಿಲ್ಲ, ನೆರೆಯ ಜಿಲ್ಲೆಯದನ್ನೇ ಇಲ್ಲಿಗೂ ಹಿಡಿದಿದೆ.

ಗುದ್ಲೆಪ್ಪ ಆ ಸಾಲನ್ನು ತನ್ನ ವಹಿಯಲ್ಲಿ ಬರೆದುಕೊಂಡ. ಮೂರು ಸಾಕ್ಷಿ ಎಂದುಕೊಂಡದ್ದು ಒಂದೇ ಆಗಿತ್ತು. ಆ ಒಂದೂ ಅವನ ಸೀಮೆಯ ಒಬ್ಬರನ್ನೂ ಕೇಳಿರಲಿಲ್ಲ.

ಉಳಿದ ಇಪ್ಪತ್ತು ದಿನ ಅವನು ಕೇಳುತ್ತಲೇ ತಿರುಗಿದ. ಮಾಸೂರು ಮುಗಿಸಿ ಹಾನಗಲ್ಲಿಗೆ ಹೋದ, ಬಸ್ಸು ಹಿಡಿದು ತಡಸಕ್ಕೆ, ರೈಲಿನಲ್ಲಿ ಯಲವಿಗಿಗೆ. ಉಡಿಕೆಯ ಮನೆ ನಲವತ್ತೊಂದು ಸಿಕ್ಕವು. ಒಂದರಲ್ಲೂ ಮಕ್ಕಳನ್ನು ದೇವರ ಜಗಲಿಯಿಂದ ಹೊರಗಿಟ್ಟಿರಲಿಲ್ಲ. ತಡಸದ ಮುದುಕ ಬೀರಪ್ಪನಂತೂ ಇದೆಂಥ ಪ್ರಶ್ನೆ ಎಂದು ಗದರಿ, ಊಟ ಹಾಕಿಸಿ ಕಳಿಸಿದ.

ಪ್ರೊಫೆಸರರು ಗ್ರಂಥಾಲಯಕ್ಕೆ ತಾವೇ ಬಂದು ಕೋಡದ ಸಾಲಿದ್ದ ಪುಟವನ್ನು ನಿಂತುಕೊಂಡೇ ಓದಿದರು. ಹಿಂದಿನ ಪುಟ ತಿರುವಿದರು, ಮತ್ತೆ ಓದಿದರು. ಚಸ್ಮಾ ತೆಗೆದರು. ಮೇಜಿನ ಸುತ್ತ ಇದ್ದ ವಿದ್ಯಾರ್ಥಿಗಳು ಕೇಳುವಂತೆಯೇ ಹೇಳಿದರು:

"ಇಪ್ಪತ್ತು ವರ್ಷ ಇದನ್ನ ನಾನು ಪಾಠದಾಗ ಹೇಳೇನಿ, ಗುದ್ಲೆಪ್ಪ. ನಾಳಿಂದ ನಿಮ್ಮ ಅಧ್ಯಾಯ ಹೇಳ್ತೇನಿ."

ಮರುದಿನವೇ ಗುದ್ಲೆಪ್ಪ ಊರಿಗೆ ಹೋದ. ಮದಗದ ಕೆರೆಯ ಕೆಳಗಿನ ಗದ್ದೆಯಲ್ಲಿ ಅನ್ನವ್ವ ಎಂಟು ಹತ್ತು ಹೆಂಗಸರೊಡನೆ ಕಳೆ ತೆಗೆಯುತ್ತಿದ್ದಳು. ಅವನು ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು ಎಲ್ಲವನ್ನೂ ಹೇಳಿದ. ಅವಳು ಕೈ ನಿಲ್ಲಿಸದೆ ಕೇಳಿದಳು.

"ಆ ಬರದಾಂವ ನಮ್ಮೂರಿಗೆ ಬಂದಿದ್ನೇನು?"

"ಇಲ್ಲಬೇ."

"ಬಂದು ಕೇಳಿದ್ರ ನಮ್ಮ ಮುದುಕಿ ಆಯಿ ಹೇಳ್ತಿದ್ಳಲ್ಲೋ."

ಅಷ್ಟು ಹೇಳಿ ಅವಳು ಪಕ್ಕದ ಯಂಕವ್ವನ ಕಡೆ ಬಾಗಿ, "ನಮ್ಮನ್ನ ಕೇಳದನ ನಮ್ಮ ಸುದ್ದಿ ಬರದಾನಂತ" ಅಂದಳು. ಯಂಕವ್ವ ನಕ್ಕು ಅದನ್ನು ಆಚೆಯವಳಿಗೆ ದಾಟಿಸಿದಳು. ನಗು ಸಾಲಿನ ಗುಂಟ ಒಬ್ಬಳಿಂದ ಒಬ್ಬಳಿಗೆ ಸರಿಯುತ್ತ, ಗದ್ದೆಯ ಆ ತುದಿಯವರೆಗೂ ಹೋಯಿತು.