ಸೊನ್ನೆ ಹಾಕದ ಸಿದ್ದಲಿಂಗಸ್ವಾಮಿ

ದಾರಿ ಕೇಳಿದವರಿಗೆ ‘ಗೊತ್ತಿಲ್ಲ’ ಎನ್ನುವುದು ಅತಿಥಿಧರ್ಮಕ್ಕೆ ವಿರುದ್ಧವೆಂದು ನಂಬಿದ ಊರು ನಮ್ಮ ಮೈಸೂರು. ಅಶೋಕಪುರಂಗೆ ಹೋಗಬೇಕಾದವನನ್ನು ಬೇಕಾದರೆ ಮಂಡಿ ಮೊಹಲ್ಲಾಕ್ಕೆ ಕಳಿಸಿಯೇವು, ಬರಿಗೈಯಲ್ಲಿ ಮಾತ್ರ ಕಳಿಸೆವು. ಇಂಥ ಊರಿನಲ್ಲೇ ಹುಟ್ಟಿ, ಇಲ್ಲಿಯ ನೀರನ್ನೇ ಕುಡಿದು ಬೆಳೆದ ಸಿದ್ದಲಿಂಗಸ್ವಾಮಿಯವರು, ಹಬ್ಬದ ಪಂಕ್ತಿಯಲ್ಲಿ ಹೋಳಿಗೆ ಬಡಿಸುವಷ್ಟು ಸಮಾಧಾನದಿಂದ, ದಿನಕ್ಕೆ ಹತ್ತಾರು ಸಲ ‘ಗೊತ್ತಿಲ್ಲ’ ಎನ್ನುತ್ತಿದ್ದರು. ಹಾಗೆಂದು ಅದು ಉಡಾಫೆಯ ಮಾತಲ್ಲ. ಪ್ರಶ್ನೆ ಕೇಳಿದ ಕೂಡಲೇ ಮುಖವನ್ನು ಸೂರಿಗೆತ್ತಿ, ಕಣ್ಣು ಮುಚ್ಚಿ, ಅಂತರಂಗದ ಪೆಟ್ಟಿಗೆ ಪೆಟಾರಿಗಳನ್ನೆಲ್ಲ ಒಂದೊಂದಾಗಿ ತೆರೆದು ತಡಕಿ, ಎಲ್ಲಿಯೂ ಉತ್ತರ ಸಿಗಲಿಲ್ಲವೆಂದು ಖಾತ್ರಿಯಾದ ಮೇಲೆ ಹೊರಡುತ್ತಿದ್ದ ಮಾತು ಅದು. ಅಷ್ಟರಲ್ಲಿ ದಾರಿ ಕೇಳಿದವನು ಇನ್ನೊಬ್ಬರನ್ನು ಕೇಳಿ, ತಪ್ಪು ದಾರಿ ಹಿಡಿದು, ಅರ್ಧ ದೂರ ಹೋಗಿರುತ್ತಿದ್ದ.

ಅವರ ನಡಿಗೆಯೂ ಇದೇ ಜಾತಿಯದು. ಮುಂದಿನ ಹೆಜ್ಜೆಯ ಕೆಳಗೆ ನೆಲವಿದೆಯೆಂದು ಕಣ್ಣಾರೆ ಕಾಣದೆ ಪಾದ ಊರುವವರಲ್ಲ. ಅವರ ಜೊತೆ ತಿಂಡಿಗೆ ಹೊರಟ ದಿನ ಹೋಟೆಲಿನಲ್ಲಿ ಇಡ್ಲಿ ಮುಗಿದೇ ಇರುತ್ತಿತ್ತು. ಇನ್ನು ಅವರ ಕಂದು ಬಣ್ಣದ ಕೋಟು. ಬೇಸಗೆಯಲ್ಲೂ ಮೈಬಿಡದ ಆ ಕೋಟಿನ ಮೂರು ಗುಂಡಿಗಳಲ್ಲಿ ನಡುವಿನದು ಯಾವ ಕಾಲದಲ್ಲೋ ಉದುರಿಹೋಗಿತ್ತು. ಬೇರೊಂದು ಗುಂಡಿ ಹೊಲಿಸಿಕೊಳ್ಳಬಾರದೇ ಎಂದು ನಾನು ಒಮ್ಮೆ ಕೇಳಿದೆ. “ಆ ಗುಂಡಿ ಹೇಗಿತ್ತು ಅಂತ ನೆನಪಿಲ್ಲ ಮೇಷ್ಟ್ರೇ. ಯಾವುದೋ ಒಂದನ್ನ ಹಾಕಿಬಿಟ್ಟರೆ ಅದೇ ಅಸಲು ಅಂತ ಜನ ತಿಳಕೊಳ್ತಾರೆ” ಎಂದರು. ನಕ್ಕರೇನೋ ಎಂದು ಮುಖ ನೋಡಿದೆ, ನಕ್ಕಿರಲಿಲ್ಲ.

ಅವರ ಪರಿಚಯವಾದದ್ದು ತೊಂಬತ್ತರ ದಶಕದ ಕೊನೆಯಲ್ಲಿ, ಜಯಲಕ್ಷ್ಮಿಪುರಂನ ಮನೆಯೊಂದರ ಮಹಡಿಯಲ್ಲಿದ್ದ ಖಾಸಗಿ ನಕ್ಷಾ ಕಚೇರಿಯಲ್ಲಿ. ಹಳೆಯ ಕಾಗದದ ನಕ್ಷೆಗಳನ್ನು ಸ್ಕ್ಯಾನರಿಗೆ ಉಣಿಸಿ ಕಂಪ್ಯೂಟರಿಗೆ ಇಳಿಸುವುದು ಅಲ್ಲಿಯ ಕಸುಬು. ನಾನು ಕನ್ನಡದ ಮೇಷ್ಟ್ರು; ಇಂಗ್ಲಿಷಿನಲ್ಲಿ ಅಂಗಭಂಗವಾಗಿದ್ದ ಊರುಕೇರಿಗಳ ಹೆಸರನ್ನು ತಿದ್ದಿಕೊಡಲು ಮಧ್ಯಾಹ್ನದ ಹೊತ್ತು ಹೋಗುತ್ತಿದ್ದೆ. ರಾಸ್ಟರ್ ಎಂಬ ವಿದ್ಯೆಯನ್ನು ನನಗೆ ತಿಳಿಸಿಕೊಟ್ಟವರು ಸಿದ್ದಲಿಂಗಸ್ವಾಮಿಯವರೇ. ಊರಿನ ಮೇಲೆ ಒಂದು ಚೌಕಳಿ ಪಂಚೆ ಹಾಸಿದಂತೆ ಭೂಮಿಯನ್ನೆಲ್ಲ ಪುಟ್ಟ ಪುಟ್ಟ ಚೌಕಗಳಾಗಿ ಮಾಡುವುದು, ಪ್ರತಿ ಚೌಕಕ್ಕೂ ಅಲ್ಲಿಯ ಎತ್ತರವನ್ನೋ ಬೆಳೆಯನ್ನೋ ಸೂಚಿಸುವ ಒಂದು ಅಂಕಿ ಕೊಡುವುದು. ಆಮೇಲೆ ನೀರು ಎತ್ತ ಹರಿಯುತ್ತದೆಂದು ಕಂಪ್ಯೂಟರನ್ನು ಕೇಳಿದರಾಯಿತು. ಪ್ರತಿ ಚೌಕವೂ ತನ್ನ ಎಂಟು ಮಂದಿ ನೆರೆಯವರನ್ನು ನೋಡಿ, ಯಾರು ಎಲ್ಲರಿಗಿಂತ ತಗ್ಗಿನಲ್ಲಿದ್ದಾರೋ ಅವರ ಕಡೆಗೆ ನೀರನ್ನು ದಬ್ಬುತ್ತದೆ. ನಮ್ಮ ಕಚೇರಿಗಳಲ್ಲಿ ಕಡತ ಸಾಗುವುದೂ ಹೀಗೆಯೇ ಆದ್ದರಿಂದ ನನಗೆ ಬೇಗ ಅರ್ಥವಾಯಿತು.

ಅವರ ಪಕ್ಕದ ಕಂಪ್ಯೂಟರಿನಲ್ಲಿ ನಕ್ಷೆಯ ಗೆರೆಗಳನ್ನು ತಿದ್ದುತ್ತಿದ್ದವಳು ನಾಗಮಣಿ, ಅಶೋಕಪುರಂನ ಹುಡುಗಿ. ಅವಳಿಗೊಂದು ಸಂಬಂಧ ಬಂತು: ಮಂಡಿ ಮೊಹಲ್ಲಾದ ಬೆಲ್ಲದ ಸಗಟು ವ್ಯಾಪಾರಿ ಚಿಕ್ಕಬಸವಯ್ಯನವರ ಮಗ ವಿಶ್ವನಾಥ್. ಹುಡುಗನನ್ನು ಬಂಧುಗಳ ಮದುವೆಯೊಂದರಲ್ಲಿ ಕಂಡು ಮಾತಾಡಿ ಅವಳು ಮೆಚ್ಚಿಕೊಂಡಿದ್ದಳು. ಆ ವಾರವೆಲ್ಲ ಕಚೇರಿಯ ಗೆರೆಗಳು ತುಸು ಡೊಂಕಾಗಿಯೇ ಬರುತ್ತಿದ್ದವು. ಅವಳು ರಜೆಯಲ್ಲಿದ್ದ ದಿನ ನೋಡಿಕೊಂಡು ಚಿಕ್ಕಬಸವಯ್ಯನವರು ಹುಡುಗಿಯನ್ನು ವಿಚಾರಿಸಲು ಮಹಡಿ ಹತ್ತಿಬಂದರು. ಬಂದವರು ಕೇಳಿದ್ದು ಯಾರನ್ನು? ನಮ್ಮ ಸಿದ್ದಲಿಂಗಸ್ವಾಮಿಯವರನ್ನು.

“ಹುಡುಗಿ ಗುಣ ಎಂಗೆ ಸ್ವಾಮಿ?”

ಮುಖ ಸೂರಿಗೇರಿತು. “ಗೊತ್ತಿಲ್ಲ.”

“ಕೋಪ ಗೀಪ?”

“ಗೊತ್ತಿಲ್ಲ.”

“ಎರಡು ವರ್ಷದಿಂದ ಪಕ್ಕದಲ್ಲೇ ಕುಂತಿದ್ದೀರಿ, ಗೊತ್ತಿಲ್ವೇ?”

“ಗೊತ್ತಿಲ್ಲ.”

ಹೆಣ್ಣು ಗಂಡಿನ ವಿಚಾರಣೆಯಲ್ಲಿ ‘ಗೊತ್ತಿಲ್ಲ’ ಎಂಬುದು ಎಂಥ ಕೊಲೆಗಡುಕ ಮಾತೆಂದು ನಮ್ಮ ಕಡೆಯ ಹಸುಗೂಸಿಗೂ ಗೊತ್ತು. ಹೇಳಬಾರದ್ದು ಏನೋ ಇದೆ, ಹೇಳಬೇಕಾದವರು ದೊಡ್ಡ ಮನುಷ್ಯರಾದ್ದರಿಂದ ನುಂಗಿಕೊಂಡರು ಎಂದು ಅದರ ಅರ್ಥ. ಮೂಲೆಯಲ್ಲಿದ್ದ ನಾನು ಕನ್ನಡಕ ತೆಗೆದು ಬಾಯಿ ಹಾಕುವಷ್ಟರಲ್ಲಿ ಚಿಕ್ಕಬಸವಯ್ಯನವರು ಚಪ್ಪಲಿ ಮೆಟ್ಟಿಯಾಗಿತ್ತು, “ಚಿನ್ನದಂಥಾ ಹುಡುಗಿ ಯಜಮಾನ್ರೇ!” ಎಂದು ನಾನು ಕೂಗಿದ್ದು ಖಾಲಿ ಮೆಟ್ಟಿಲಿಗೆ ಕೇಳಿಸಿತು. ಸಂಜೆಗೇ ಸಂಬಂಧ ಮುರಿದ ಸುದ್ದಿ ಅಶೋಕಪುರಂ ತಲುಪಿತು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. “ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ನೀವು ಒಂದೂ ಹೇಳೋದು ಬೇಡಾಗಿತ್ತು. ಒಳ್ಳೇ ಹುಡುಗಿ ಅಂದಿದ್ದರೆ ನಿಮ್ಮ ಗಂಟೇನು ಹೋಗ್ತಿತ್ತು?” ಎಂದು ಹರಿಹಾಯ್ದೆ. “ಅವಳು ಗೆರೆ ಎಳೆಯೋದು ಹೇಗೆ ಅಂತ ಕೇಳಿದ್ದರೆ ಹೇಳ್ತಿದ್ದೆ. ಅಷ್ಟೇ ನಾನು ನೋಡಿರೋದು” ಎಂದರು. ಆದರೆ ಅವರ ಧ್ವನಿ ಸಣ್ಣಗಾಗಿತ್ತು. ನಾಗಮಣಿ ಅವರ ಜೊತೆ ಮಾತು ಬಿಟ್ಟಳು. ಅವಳ ಕಣ್ಣು ಕೆಂಪಾಗಿದ್ದುದನ್ನು ಕಂಡು ಅವರು ದಿನವೂ ಏನೋ ಹೇಳಲು ಬಾಯಿ ತೆರೆದು, ಏನು ಹೇಳಬೇಕೆಂದು ಗೊತ್ತಿಲ್ಲದ್ದರಿಂದ, ಹಾಗೆಯೇ ಮುಚ್ಚುತ್ತಿದ್ದರು. ಆ ದಿನಗಳಲ್ಲಿ ಅವರನ್ನು ಕಂಡರೆ ಅಯ್ಯೋ ಎನಿಸುತ್ತಿತ್ತು, ಎರಡು ಬಿಗಿಯೋಣ ಎಂದೂ ಎನಿಸುತ್ತಿತ್ತು.

ಕಚೇರಿಯವರು ಆಗ ಮಳೆನೀರಿನ ಚರಂಡಿಗಳಿಗಾಗಿ ಊರಿನ ಏರುತಗ್ಗಿನ ನಕ್ಷೆ ತಯಾರಿಸುತ್ತಿದ್ದರು. ಮೂಲ ನಕ್ಷೆಯಲ್ಲಿ ಮಂಡಿ ಮೊಹಲ್ಲಾ ಇದ್ದ ಕಡೆ ಗೆದ್ದಲು ತಿಂದು ತೂತಾಗಿತ್ತು. ಸಿದ್ದಲಿಂಗಸ್ವಾಮಿಯವರು ಆ ಚೌಕಗಳಿಗೆ ಯಾವ ಅಂಕಿಯನ್ನೂ ಕೊಡದೆ ಬೆಳ್ಳಗೆ ಬಿಟ್ಟರು. ಕಚೇರಿಯ ಯಜಮಾನ ಸುಂದರೇಶನಿಗೆ ಅದು ಹಿಡಿಸಲಿಲ್ಲ.

“ಚರಂಡಿ ಕೆಲಸ ತೋರಿಸೋಕೆ ನಾಳೆ ವರ್ತಕರನ್ನ ಕರೆದಿದ್ದೀನಿ ಸ್ವಾಮಿಯವರೇ. ನಕ್ಷೆ ಹಲ್ಲು ಬಿದ್ದ ಬಾಯಿ ಇದ್ದ ಹಾಗಿದೆ. ಏನಾದ್ರೂ ತುಂಬಿ.”

“ಎಷ್ಟು ಎತ್ತರ ಅಂತ ಗೊತ್ತಿಲ್ಲ. ಹೋಗಿ ಅಳೆದು ಬರಬೇಕು.”

“ಗೊತ್ತಿಲ್ಲ ಅಂದ್ರೆ ಸೊನ್ನೆ ತಾನೇ?” ಎಂದು ಸುಂದರೇಶ ತಾನೇ ಕೂತು ಸೊನ್ನೆ ಒತ್ತಿದ. “ಗೊತ್ತಿಲ್ಲದ್ದು ಬೇರೆ, ಸೊನ್ನೆ ಬೇರೆ” ಎಂದು ಸ್ವಾಮಿಯವರು ಗೋಗರೆದದ್ದು ವ್ಯರ್ಥವಾಯಿತು.

ಮಾರನೆಯ ದಿನ ವರ್ತಕರು ನೆರೆದರು. ಮುಂದಿನ ಕುರ್ಚಿಯಲ್ಲಿ ಚಿಕ್ಕಬಸವಯ್ಯನವರು. ನಾಗಮಣಿ ಮುಖ ಗಂಟಿಕ್ಕಿಕೊಂಡೇ ಕಂಪ್ಯೂಟರಿನಲ್ಲಿ ಮಳೆ ಸುರಿಸಿದಳು. ಸಮುದ್ರಮಟ್ಟದಿಂದ ಎರಡೂವರೆ ಸಾವಿರ ಅಡಿ ಮೇಲಿರುವ ಊರಿನ ನಡುವೆ ಸೊನ್ನೆ ಎತ್ತರದ ಒಂದು ಗುಂಡಿ ಬಿದ್ದರೆ ಏನಾಗಬೇಕೋ ಅದೇ ಆಯಿತು. ಸುತ್ತಲಿನ ಬಡಾವಣೆಗಳ ನೀರೆಲ್ಲ ನೀಲಿ ಗೆರೆಗಳಾಗಿ ಹೊರಟು, ಮಂಡಿ ಮೊಹಲ್ಲಾದತ್ತ ಧಾವಿಸಿ, ಚಿಕ್ಕಬಸವಯ್ಯನವರ ಗೋದಾಮಿನ ಮೇಲೆ ಮಡುಗಟ್ಟಿ ನಿಂತಿತು.

“ಏನ್ರೀ ಇದು! ಸಮುದ್ರಾನೇ ತಂದು ನಿಲ್ಲಿಸ್ಬುಟ್ಟಿದ್ದೀರಲ್ರೀ! ಬೆಲ್ಲ ಕಣ್ರೀ, ಅಲ್ಲಿರೋದು ಬೆಲ್ಲ!” ಚಿಕ್ಕಬಸವಯ್ಯನವರು ಎದ್ದು ನಿಂತರು. “ನಮ್ಮ ಜಾಗ ಇಷ್ಟು ತಗ್ಗು ಅಂತ ಯಾರ್ರೀ ಹೇಳಿದ್ದು?”

“ಯಾರೂ ಹೇಳಿಲ್ಲ. ಅಲ್ಲಿಯದು ಗೊತ್ತಿಲ್ಲ ಅಂತ ನಾನು ಖಾಲಿ ಬಿಟ್ಟಿದ್ದೆ. ಆಮೇಲೆ ಸೊನ್ನೆ ಹಾಕಿದ್ದಾರೆ” ಎಂದರು ಸ್ವಾಮಿಯವರು. ಸುಂದರೇಶ ಆ ದಿನ ಮೊದಲ ಬಾರಿಗೆ ಮುಖವನ್ನು ಸೂರಿಗೆತ್ತಿದ.

“ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅಂತ ಕಣ್ರೀ! ಬಂದು ನೋಡ್ಬೇಕು, ಅಳೀಬೇಕು. ಕುಂತಲ್ಲೇ ಸೊನ್ನೆ ಹಾಕ್ಬುಟ್ರೆ ನಾವೇನು ಮುಳುಗಿ ಸಾಯೋದಾ?” ಎಂದು ಚಿಕ್ಕಬಸವಯ್ಯನವರು ಅವನ ಮೇಲೆ ಗುಡುಗಿದರು.

ನಾಗಮಣಿ ಕುರ್ಚಿ ತಿರುಗಿಸಿದಳು. “ನನ್ನ ವಿಷಯದಲ್ಲೂ ಸ್ವಾಮಿಯವರು ಗೊತ್ತಿಲ್ಲ ಅಂತಲೇ ಹೇಳಿದ್ದು ಯಜಮಾನ್ರೇ. ಸೊನ್ನೆ ಹಾಕಿದ್ದು ನೀವು.”

ಚಿಕ್ಕಬಸವಯ್ಯನವರು ನೀಲಿ ಮಡುವನ್ನೊಮ್ಮೆ, ಹುಡುಗಿಯನ್ನೊಮ್ಮೆ ನೋಡಿ, ನಿಧಾನವಾಗಿ ಕೂತರು.

“ನಿಂಗೆ ಕೋಪ ಬತ್ತದೇನವ್ವ?”

“ಈಗ ಬಂದಿದೆ.”

ಬೆಲ್ಲದ ವ್ಯಾಪಾರಿ ಹೊಟ್ಟೆ ಕುಣಿಯುವಂತೆ ನಕ್ಕರು. ಆ ಭಾನುವಾರವೇ ಹೆಂಡತಿ ಮಗನೊಡನೆ ಅಶೋಕಪುರಂಗೆ ಹೋಗಿ ಹುಡುಗಿಯ ಮನೆಯಲ್ಲಿ ಉಪ್ಪಿಟ್ಟು ತಿಂದರು. ಇತ್ತ ಸಿದ್ದಲಿಂಗಸ್ವಾಮಿಯವರು ಮಟ್ಟ ನೋಡುವ ಉಪಕರಣ ಹೊತ್ತು ಮಂಡಿ ಮೊಹಲ್ಲಾದ ಜನಜಂಗುಳಿಯಲ್ಲಿ ಗಲ್ಲಿ ಗಲ್ಲಿ ಅಳೆದರು. ಗೋದಾಮು ಅಕ್ಕಪಕ್ಕದ ಅಂಗಡಿಗಳಿಗಿಂತ ಗೇಣು ಎತ್ತರವೇ ಇತ್ತು.

ಮದುವೆಗೆ ಅವರು ಅದೇ ಎರಡು ಗುಂಡಿಯ ಕೋಟಿನಲ್ಲಿ ಬಂದರು. ಯಾರೋ ಹಿರಿಯರು ತಡೆಯಲಾರದೆ, “ಜೋಡಿ ಹೇಗಿದೆ ಸ್ವಾಮಿಯವರೇ?” ಎಂದುಬಿಟ್ಟರು. ಮುಖ ಚಪ್ಪರದ ಕಡೆಗೆ ಏರತೊಡಗಿತು. ನಾನು ಅವರ ಕಾಲು ತುಳಿದೆ. ಆದರೂ ಬಂತು: “ಈಗಲೇ ಹೇಗೆ ಹೇಳೋದು? ಗೊತ್ತಿಲ್ಲ.” ಮೊದಲು ನಕ್ಕವಳು ಮದುಮಗಳೇ.

ಇಂಥವರು ಊರಿಗೆ ಒಬ್ಬಿಬ್ಬರು ಸಾಕು. ಹೆಚ್ಚಾದರೆ ಯಾರ ಮದುವೆಯೂ ಆಗದು, ದಾರಿ ಕೇಳಿದ ಯಾರೂ ಮನೆ ಸೇರರು. ಒಬ್ಬರೂ ಇಲ್ಲದಿದ್ದರೆ ಮಾತ್ರ ಕಷ್ಟ. ನಾವು ಉಳಿದವರು, ಕಾಣದ ಕೇರಿಗೂ ತಿಳಿಯದ ಮನುಷ್ಯರಿಗೂ ಕೂತಲ್ಲಿಂದಲೇ ಒಂದು ಸೊನ್ನೆ ಬರೆದುಬಿಡುವ ಜನ. ಆಮೇಲೆ ಊರಿನ ಕೊಚ್ಚೆಯೆಲ್ಲ ಅವರ ಬಾಗಿಲಿಗೇ ಹರಿಯುವುದನ್ನು ಕಂಡು, ಅವರಿರುವ ಜಾಗವೇ ತಗ್ಗು ಎನ್ನುತ್ತೇವೆ.